ಸೊಂಡಿಲಿಗೆ ಮೋಟಾರು

ಸೊಂಡಿಲು ತಿರುಗಿಸುವುದೇನು ಮಹಾ ಕೆಲಸ ಎಂದು ಯಾರಾದರೂ ಹೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಆನೆಯ ಸೊಂಡಿಲಲ್ಲ. ಭತ್ತ ಬಡಿಯುವ ಮಿಷನ್ನಿನ ತಲೆಯ ಮೇಲೆ ಬಾಗಿಕೊಂಡಿರುವ ತಗಡಿನ ದಪ್ಪ ಕೊಳವೆಗೆ ನಮ್ಮ ಗಿರಾಕಿಗಳೆಲ್ಲ ಹೇಳುತ್ತಿದ್ದ ಹೆಸರು ಅದು. ಟ್ರ್ಯಾಕ್ಟರಿನ ಹಿಂದಿನ ಶಾಫ್ಟ್ ತಿರುಗಿದರೆ ಮಿಷನ್ ತಿರುಗುತ್ತದೆ. ಒಂದು ಕಡೆಯಿಂದ ಭತ್ತದ ಕಟ್ಟು ಕೊಟ್ಟರೆ ಕಾಳು ಅಡಿಯಲ್ಲಿ ಬೀಳುತ್ತದೆ, ಹುಲ್ಲು ಸೊಂಡಿಲಿನಿಂದ ಹಾರಿ ಹೋಗುತ್ತದೆ. ಸೊಂಡಿಲಿನ ಬುಡದಲ್ಲಿ ಒಂದು ಹ್ಯಾಂಡಲ್. ಅದನ್ನು ತಿರುವಿದರೆ ಸೊಂಡಿಲು ಎಡಕ್ಕೋ ಬಲಕ್ಕೋ ಹೊರಳುತ್ತದೆ. ತುದಿಯಲ್ಲಿ ಒಂದು ಮುಚ್ಚಳ, ಅದಕ್ಕೊಂದು ಹಗ್ಗ. ಹಗ್ಗ ಎಳೆದರೆ ಹುಲ್ಲು ಹತ್ತಿರ ಬೀಳುತ್ತದೆ, ಬಿಟ್ಟರೆ ದೂರ. ಬಲಗೈಯಲ್ಲಿ ಹ್ಯಾಂಡಲ್, ಎಡಗೈಯಲ್ಲಿ ಹಗ್ಗ, ಕಣ್ಣು ಬಣವೆಯ ಮೇಲೆ. ಆರು ಸುಗ್ಗಿ ಹಾಗೆ ನಿಂತವಳು ನಾನು.

ನಮ್ಮದು ಬಾಡಿಗೆ ಮಿಷನ್. ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ನಮ್ಮವರು ಹಳೆಯ ಟ್ರ್ಯಾಕ್ಟರ್ ಒಂದನ್ನೂ ಈ ಮಿಷನ್ನನ್ನೂ ತಂದರು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಮೂರೂ ತಾಲ್ಲೂಕಿನಲ್ಲಿ ಗದ್ದೆ ಇದ್ದವರ ಮನೆಗಳಿಗೆ ಹೋಗಿ ಬಡಿದು ಕೊಡುತ್ತಿದ್ದೆವು. ಮೊದಲು ಸೊಂಡಿಲಿನ ಹತ್ತಿರ ಒಬ್ಬ ಆಳು ನಿಲ್ಲುತ್ತಿದ್ದ. ಒಂದು ವರ್ಷ ಸುಗ್ಗಿಯ ನಡುವೆ ಅವನು ಕಾಫಿ ಕೊಯ್ಲಿಗೆ ಹೋದವನು ತಿರುಗಿ ಬರಲೇ ಇಲ್ಲ. ಕಣದಲ್ಲಿ ಜನ ಕಾಯುತ್ತಿದ್ದರು, ನಮ್ಮವರು ತಲೆ ಕೆರೆದುಕೊಳ್ಳುತ್ತಿದ್ದರು. ಊಟದ ಡಬ್ಬಿ ತಂದಿದ್ದ ನಾನು ಅವರ ಹಳೆಯ ಅಂಗಿಯೊಂದನ್ನು ಸೀರೆಯ ಮೇಲೆ ತೊಟ್ಟು, ಸೆರಗನ್ನು ಒಳಗೆ ಸಿಕ್ಕಿಸಿ ಹ್ಯಾಂಡಲ್ ಹಿಡಿದೆ. ಅವತ್ತೊಂದು ದಿನದ ಮಟ್ಟಿಗೆ ಎಂದುಕೊಂಡಿದ್ದು.

ಒಂದು ಗಂಟೆಯೊಳಗೆ ನನಗೆ ಗೊತ್ತಾಯಿತು, ಇದು ನಾನು ಬಲ್ಲ ಕೆಲಸ ಎಂದು. ಚಿಕ್ಕಂದಿನಲ್ಲಿ ಅಮ್ಮ ಮೊರದಲ್ಲಿ ಭತ್ತ ಎತ್ತಿ ಗಾಳಿಗೆ ತೂರುವಾಗ ನಾನು ಪಕ್ಕದಲ್ಲಿ ನಿಂತು ಜೊಳ್ಳು ಗುಡಿಸುತ್ತಿದ್ದೆ. ಗಾಳಿ ಯಾವ ಕಡೆಯಿಂದ ಬರುತ್ತದೆ, ಯಾವಾಗ ನಿಲ್ಲುತ್ತದೆ ಎನ್ನುವುದು ಎಲೆ ಅಲುಗುವ ಮೊದಲೇ ನನ್ನ ಕೆನ್ನೆಗೆ ತಿಳಿಯುತ್ತದೆ. ನಮ್ಮ ಕಡೆ ಸುಗ್ಗಿಯ ದಿನಗಳಲ್ಲಿ ಬೆಳಿಗ್ಗೆ ಮೂಡಣದ ಗಾಳಿ. ಬಿಸಿಲು ನೆತ್ತಿಗೆ ಬಂದ ಮೇಲೆ ಅದು ಸ್ವಲ್ಪ ಹೊತ್ತು ಸತ್ತಂತೆ ನಿಂತುಬಿಡುತ್ತದೆ. ಆಮೇಲೆ ಘಟ್ಟದ ಕಡೆಯಿಂದ, ಪಡುವಣದಿಂದ ಏಳುತ್ತದೆ. ಹಾಗೆ ನಿಂತಾಗಲೇ ಸೊಂಡಿಲನ್ನು ತಿರುಗಿಸಿಕೊಳ್ಳಬೇಕು, ಎದ್ದ ಮೇಲೆ ತಿರುಗಿಸಿದರೆ ಆ ಹೊತ್ತಿಗೆ ಹೊಟ್ಟೆಲ್ಲ ಕಾಳಿನ ಮೇಲೆ ಬಂದು ಕೂತಿರುತ್ತದೆ. ಆ ಆಳು ಎರಡು ವರ್ಷ ನಿಂತರೂ ಇದನ್ನು ಕಲಿತಿರಲಿಲ್ಲ.

ಹೆಂಗಸು ಮಿಷನ್ ಹತ್ತಿರವಾ ಎಂದು ಮೂಗು ಮುರಿದವರಿದ್ದರು. ಎರಡನೇ ಸುಗ್ಗಿಗೆ ಅವರೇ ಫೋನ್ ಮಾಡಿ, “ಸೊಂಡಿಲಿನ ಅಮ್ಮ ಬರ್ತಾರಲ್ವಾ?” ಎಂದು ಕೇಳತೊಡಗಿದರು. ಬಣವೆ ಒಟ್ಟುವವನು ನಡುಗಂಬದ ಸುತ್ತ ತುಳಿಯುತ್ತ ಹೋದಂತೆ ಅವನ ಕಾಲಿನ ಮುಂದೆ ಸರಿಯಾಗಿ ಒಂದು ಮೊಳ ಬಿಟ್ಟು ಹುಲ್ಲು ಬೀಳಿಸುತ್ತಿದ್ದೆ. ಅವನು ಕವೆಗೋಲು ಎತ್ತುವ ಅಗತ್ಯವೇ ಬೀಳುತ್ತಿರಲಿಲ್ಲ. ನಾನು ನಿಂತ ಕಣದ ಬಣವೆ ಮಳೆಗಾಲದಲ್ಲೂ ವಾಲಿದ್ದಿಲ್ಲ. ಹೇಳಿಕೊಳ್ಳಬಾರದು ಎನ್ನುತ್ತಾರೆ. ಯಾಕೆ ಹೇಳಿಕೊಳ್ಳಬಾರದು? ಮಾಡಿದ್ದೇನೆ, ಹೇಳುತ್ತೇನೆ.

ಆದರೆ ಧೂಳು ಯಾರನ್ನು ಬಿಟ್ಟೀತು? ಆರನೇ ಸುಗ್ಗಿಯ ಹೊತ್ತಿಗೆ ನನಗೆ ಕೆಮ್ಮು ಅಂಟಿಕೊಂಡಿತು. ಮಾತಾಡಿದರೆ ಕೆಮ್ಮು, ನಕ್ಕರೆ ಕೆಮ್ಮು. ಕೊಪ್ಪದ ಡಾಕ್ಟರು ಎದೆಗೆ ಕೊಳವೆ ಇಟ್ಟು ನೋಡಿ, ಧೂಳಿನಿಂದ ದೂರ ಇರಬೇಕು ಎಂದರು. ನಮ್ಮವರು ಔಷಧಿ ಚೀಟಿಯ ಹಿಂದೆ ಏನೋ ಗೆರೆ ಎಳೆಯುತ್ತ ಕೂತರು. ಅವರು ಗೆರೆ ಎಳೆದರೆ ತಲೆಯಲ್ಲಿ ಏನೋ ಓಡುತ್ತಿದೆ ಎಂದೇ ಲೆಕ್ಕ.

ಮುಂದಿನ ವಾರ ಅವರು ಬಾಳಗಡಿಯ ವರ್ಕ್‌ಶಾಪಿನಿಂದ ಕೈಯಗಲದ ಒಂದು ಮೋಟಾರ್ ತಂದು ಜಗಲಿಯ ಮೇಲೆ ಇಟ್ಟರು. ಗುಜರಿಗೆ ಬಿದ್ದ ಕಾರೊಂದರಲ್ಲಿ ಕಿಟಕಿಯ ಗ್ಲಾಸು ಏರಿಸಿ ಇಳಿಸುತ್ತಿದ್ದ ಮೋಟಾರಂತೆ. ಅದನ್ನು ಸೊಂಡಿಲಿನ ಬುಡಕ್ಕೆ ಕೂರಿಸಿ, ಟ್ರ್ಯಾಕ್ಟರಿನ ಬ್ಯಾಟರಿಯಿಂದ ವೈರ್ ಎಳೆದು, ಸ್ವಿಚ್ಚನ್ನು ಡ್ರೈವರ್ ಸೀಟಿನ ಪಕ್ಕ ಹಾಕುವುದು. ಮುಚ್ಚಳದ ಹಗ್ಗವನ್ನು ಒಂದು ಹದದಲ್ಲಿ ಕಟ್ಟಿ ಬಿಟ್ಟರಾಯಿತು. ಸ್ವಿಚ್ಚನ್ನು ಈ ಕಡೆ ಒತ್ತಿದರೆ ಎಡಕ್ಕೆ, ಆ ಕಡೆ ಒತ್ತಿದರೆ ಬಲಕ್ಕೆ.

“ನಾನೇ ಕೂತಲ್ಲಿಂದ ಎಲ್ಲಾ ಮಾಡ್ತೆ. ನೀನು ಇನ್ನು ಮನೇಲಿ ಆರಾಮಾಗಿರು” ಎಂದರು.

ಪ್ರೀತಿಯಿಂದಲೇ ಹೇಳಿದ್ದು. ಅದು ನನಗೂ ಗೊತ್ತಿತ್ತು. ಆದರೂ ಕೈಯಲ್ಲಿದ್ದ ಪಾತ್ರೆಯನ್ನು ನಾನು ಕೆಳಗಿಟ್ಟ ಸದ್ದಿಗೆ ಹಿತ್ತಿಲಿನ ಬೆಕ್ಕು ಓಡಿತು. ಆರು ವರ್ಷ ಮೂರು ತಾಲ್ಲೂಕಿನಲ್ಲಿ ಹೆಸರು ಮಾಡಿದವಳನ್ನು ಒಂದು ಹಿಡಿಯಷ್ಟು ಮೋಟಾರಿಗೆ ಬದಲಾಯಿಸಿಕೊಳ್ಳುತ್ತಿದ್ದಾರೆ ಎಂದು ಕಂಡಿತು. ಮನೆಯಲ್ಲಿ ಆರಾಮಾಗಿರುವುದು ನನಗೆ ಬೇಕಿರಲಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಹೋಗುವುದು, ಹೋದಲ್ಲೆಲ್ಲ ಜನ ನನಗಾಗಿ ಜಾಗ ಬಿಡುವುದು, ಅದು ಬೇಕಿತ್ತು. ಇದನ್ನು ಅವರಿಗೆ ಬಾಯಿಬಿಟ್ಟು ಹೇಳಲು ಅಭಿಮಾನ ಬಿಡಲಿಲ್ಲ. ಬದಲಿಗೆ, “ಗ್ಲಾಸು ಎತ್ತೋ ಮೋಟಾರಿಗೆ ಗಾಳಿ ಎಂತ ಗೊತ್ತು?” ಎಂದೆ.

“ಗಾಳಿ ನಾನು ನೋಡ್ತೆ ಮಾರಾಯ್ತಿ.”

“ನೋಡಿ, ನೋಡಿ. ಬೆನ್ನಲ್ಲಿ ಕಣ್ಣು ಇಟ್ಕೊಂಡು ನೋಡಿ.”

ಯಾಕೆಂದರೆ ಟ್ರ್ಯಾಕ್ಟರಿನ ಸೀಟು ಮುಂದಕ್ಕೆ ಮುಖ ಮಾಡಿಕೊಂಡಿರುತ್ತದೆ, ಮಿಷನ್ ಹಿಂದೆ ಇರುತ್ತದೆ. ಇಷ್ಟು ಸರಳವಾದದ್ದು ಅವರಿಗೂ ವರ್ಕ್‌ಶಾಪಿನವನಿಗೂ ಹೊಳೆದಿರಲಿಲ್ಲವೋ, ಹೊಳೆದರೂ ಕತ್ತು ತಿರುಗಿಸಿದರಾಯಿತು ಎಂದುಕೊಂಡರೋ ಕಾಣೆ. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಭಂಡಿಗಡಿಯ ಹತ್ತಿರದ ಒಂದು ಮನೆಯಲ್ಲಿ ಮೋಟಾರ್ ಹಾಕಿ ನೋಡುವುದು. ನಾನು ಜೊತೆಗೆ ಬರುವುದು, ಆದರೆ ಮಿಷನ್ ಮುಟ್ಟಬಾರದು, ಬಾಯಿ ಹಾಕಬಾರದು. ಸರಿ ಹೋದರೆ ಮುಂದಿನ ಮನೆಯಿಂದ ನಾನು ಬರುವುದು ಬೇಡ. ಒಪ್ಪಿಕೊಂಡೆನಲ್ಲ ಎಂದು ಆಮೇಲೆ ದಾರಿಯುದ್ದಕ್ಕೂ ನನ್ನ ಮೇಲೆ ನನಗೇ ಸಿಟ್ಟು ಬಂತು.

ಬೆಳಗಿನ ಹೊತ್ತು ಎಲ್ಲ ಚೆನ್ನಾಗಿಯೇ ನಡೆಯಿತು. ಸುಳ್ಳು ಹೇಳಲಾರೆ. ಸ್ವಿಚ್ ಒತ್ತಿದರೆ ಸೊಂಡಿಲು ಗುರ್ ಎಂದು ಸಲೀಸಾಗಿ ಹೊರಳುತ್ತಿತ್ತು. ನಾನು ಎರಡು ಕೈ ಬಲ ಹಾಕಿ ತಿರುವುತ್ತಿದ್ದ ಕಡೆಯಲ್ಲೂ ಅದು ತಡವರಿಸಲಿಲ್ಲ. ಕಣದ ಜನ ಬಂದು ಬಂದು ನೋಡಿದರು. ನಮ್ಮವರು ಸೀಟಿನಲ್ಲಿ ಅಡ್ಡ ಕೂತು, ಕತ್ತು ಹಿಂದಕ್ಕೆ ತಿರುಗಿಸಿ, ಹೊಸ ಅಳಿಯನಂತೆ ಎಲ್ಲರಿಗೂ ನಗುತ್ತಿದ್ದರು. ನಾನು ಹೆಂಗಸರ ಜೊತೆ ಕಣದ ಮೂಡಣ ಅಂಚಿನಲ್ಲಿ ಕೂತು ಎಲೆಯಡಿಕೆ ಜಗಿದೆ. ಆ ಬೆಳಿಗ್ಗೆ ನನಗೆ ಒಂದು ಸಲವೂ ಕೆಮ್ಮು ಬರಲಿಲ್ಲ ಎನ್ನುವುದು ಬೇರೆ ಹೊಟ್ಟೆ ಉರಿಸಿತು.

ಮಧ್ಯಾಹ್ನದ ಹೊತ್ತಿಗೆ ಅರ್ಧದಷ್ಟು ಭತ್ತ ಬಡಿದು ಮುಗಿದಿತ್ತು. ಕಾಳನ್ನು ಗಾಳಿ ಬರುವ ದಿಕ್ಕಿಗೆ, ಎಂದರೆ ಮೂಡಣದ ಕಡೆಗೆ ರಾಶಿ ಮಾಡಿದ್ದರು. ಹುಲ್ಲು ಪಡುವಣಕ್ಕೆ ಬೀಳುತ್ತಿತ್ತು. ಆ ಮನೆಯಲ್ಲಿ ಹಳೆಯ ಪದ್ಧತಿಯೊಂದನ್ನು ಬಿಟ್ಟಿರಲಿಲ್ಲ. ರಾಶಿಗೆ ಬೂದಿಯ ಗೆರೆ ಎಳೆದು, ದೀಪ ಹಚ್ಚಿ ಪೂಜೆ ಮಾಡಿ, ದೇವರ ಪಾಲೆಂದು ಮೂರು ಕೊಳಗ ಅಳೆದು ತೆಗೆಯಬೇಕು. ಅಳೆಯುವಾಗ ಕಣದಲ್ಲಿ ಯಾರೂ ಬಾಯಿ ಬಿಡುವ ಹಾಗಿಲ್ಲ. ಅಳೆಯುವವನೊಬ್ಬನೇ ಮೊದಲ ಕೊಳಗಕ್ಕೆ ‘ಒಂದು’ ಎನ್ನುವ ಬದಲು ‘ಲಾಭ’ ಎನ್ನುತ್ತಾನೆ, ಆಮೇಲೆ ಎರಡು, ಮೂರು. ನಡುವೆ ಬೇರೆ ಯಾರಾದರೂ ಮಾತಾಡಿದರೆ ರಾಶಿಯ ಏಳಿಗೆ ಹೊರಟುಹೋಗುತ್ತದೆ ಎನ್ನುವುದು ನಂಬಿಕೆ. ಅವತ್ತು ಗುರುವಾರ, ಒಂದೂವರೆಗೆ ರಾಹುಕಾಲ. ಅದಕ್ಕಿಂತ ಮೊದಲು ಅಳೆಯಬೇಕು, ಉಳಿದ ಭತ್ತವನ್ನು ಕತ್ತಲೆಗೆ ಮೊದಲು ಬಡಿಯಲೂ ಬೇಕು. ಹಾಗಾಗಿ ಮನೆಯ ಯಜಮಾನರು, “ಮಿಷನ್ ನಿಲ್ಲಿಸೋದು ಬೇಡ, ಅದು ಅದರ ಪಾಡಿಗೆ ಓಡಲಿ. ಮನುಷ್ಯರು ಮಾತಾಡದಿದ್ರೆ ಸೈ” ಎಂದರು. ಮಿಷನ್ನಿನ ಆರ್ಭಟ ಮಾತಲ್ಲವಂತೆ. ಅಷ್ಟೇ ಸದ್ದು ನಾನು ಮಾಡಿದ್ದರೆ ಬಿಡುತ್ತಿದ್ದರೇ?

ಕೊಳಗ ಹಿಡಿದವರು ರಾಶಿಯ ಮುಂದೆ ಕೂತರು. ಎಲ್ಲರ ಬಾಯಿಗೂ ಬೀಗ ಬಿತ್ತು. ಅದೇ ಹೊತ್ತಿಗೆ ನನ್ನ ಕೆನ್ನೆಗೆ ಗಾಳಿ ತಾಗುವುದು ನಿಂತಿತು.

ನಾನು ನಮ್ಮವರ ಕಡೆ ನೋಡಿದೆ. ಅವರು ಎಂಜಿನ್ನಿನ ಮೀಟರ್ ನೋಡುತ್ತಿದ್ದರು. ಈಗ ತಿರುಗಿಸಿ, ಈಗ ತಿರುಗಿಸಿ ಎಂದು ಮನಸ್ಸಿನಲ್ಲೇ ಕೂಗಿಕೊಂಡೆ. “ಲಾಭ” ಎಂದು ಮೊದಲ ಕೊಳಗ ಬಿತ್ತು. ಪಡುವಣದಿಂದ ಗಾಳಿ ಎದ್ದಿತು. ಸೊಂಡಿಲಿನಿಂದ ಹೊರಟ ಹುಲ್ಲು ಬಣವೆಯವರೆಗೆ ಹೋಗದೆ ಗಾಳಿಯಲ್ಲೇ ಮಡಿಸಿಕೊಂಡು, ಹೊಟ್ಟು ಸಮೇತ ರಾಶಿಯ ಕಡೆಗೆ ವಾಪಸು ಬರತೊಡಗಿತು. ಒಂದೆರಡು ಎಸಳು ದೀಪದ ಹತ್ತಿರವೇ ಬಿದ್ದವು. ಒಣ ಹುಲ್ಲು, ಉರಿಯುವ ದೀಪ, ಸುತ್ತ ಇನ್ನೂ ಬಡಿಯದ ಕಟ್ಟುಗಳು.

ಯಾರೂ ಕೂಗುವ ಹಾಗಿಲ್ಲ! ಮನೆಯ ಅಜ್ಜಿ ಎರಡೂ ಕೈ ಮೇಲೆತ್ತಿ ಬೀಸಿದರು. ಯಜಮಾನರು ಬೀಸಿದರು. ಹೆಂಗಸರು, ಆಳುಗಳು, ಬಣವೆಯ ಮೇಲಿದ್ದವನು, ಎಲ್ಲರೂ ತುಟಿ ಬಿಗಿದುಕೊಂಡು ಕೈ ಬೀಸಿದ್ದೇ ಬೀಸಿದ್ದು. ನಮ್ಮವರು ಹಿಂದಿರುಗಿ ನೋಡಿದರು. ಮುಖ ಅರಳಿತು. ಜನರಿಗೆ ಅಷ್ಟೊಂದು ಖುಷಿಯಾಗಿದೆ ಎಂದುಕೊಂಡು ಅವರೂ ಕೈ ಎತ್ತಿ ಬೀಸಿದರು.

ನನ್ನ ಗಂಟಲು ಟ್ರ್ಯಾಕ್ಟರಿನ ಸದ್ದನ್ನು ದಾಟಿ ಕೇಳಿಸುತ್ತದೆ, ಅದು ಎಲ್ಲರಿಗೂ ಗೊತ್ತು. ಒಂದು ಸಲ ಕೂಗಿದ್ದರೆ ಸಾಕಿತ್ತು. ಆದರೆ ಆ ಮನೆಯವರ ವರ್ಷದ ಅನ್ನದ ಮೇಲೆ ನನ್ನ ಬಾಯಿಂದ ಕೆಟ್ಟದ್ದು ಬೀಳುವುದು ಬೇಡ ಎನಿಸಿತು. ಸೀರೆ ಎತ್ತಿ ಕಟ್ಟಿ ಓಡಿದೆ. ರೂಢಿಯಂತೆ ಸೊಂಡಿಲಿನ ಬುಡಕ್ಕೇ ಹೋಗಿ ಹ್ಯಾಂಡಲ್ಲನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಲು ನೋಡಿದರೆ ಅದು ಕದಲಲಿಲ್ಲ. ಆ ಮೋಟಾರಿನ ಹಲ್ಲುಗಳು ಕಚ್ಚಿಕೊಂಡರೆ ಕೈಯಿಂದ ತಿರುಗುವುದೇ ಇಲ್ಲ ಎಂದು ನನಗೆ ಯಾರು ಹೇಳಿದ್ದರು? ಆರು ವರ್ಷ ನನ್ನ ಮಾತು ಕೇಳಿದ ಸೊಂಡಿಲು ನನ್ನ ಗುರುತೇ ಇಲ್ಲದಂತೆ ನಿಂತಿತ್ತು. ಉಳಿದದ್ದು ಮುಚ್ಚಳದ ಹಗ್ಗ. ಕಟ್ಟು ಬಿಚ್ಚಿ, ಹಗ್ಗವನ್ನು ಕೈಗೆ ಸುತ್ತಿಕೊಂಡು ಪೂರಾ ಎಳೆದು ಹಿಡಿದೆ. ಮುಚ್ಚಳ ಬಾಗಿತು. ದೂರ ಹಾರುತ್ತಿದ್ದ ಹುಲ್ಲೆಲ್ಲ ನೇರವಾಗಿ ಕೆಳಕ್ಕೆ, ನನ್ನ ನೆತ್ತಿಯ ಮೇಲೆ ಸುರಿಯತೊಡಗಿತು.

ಹಗ್ಗ ಬಿಡಲಿಲ್ಲ. ಕಣ್ಣು ಮುಚ್ಚಿ, ಉಸಿರು ಹಿಡಿದು ನಿಂತೆ. ಮೊಣಕಾಲು ಮುಳುಗಿತು, ಸೊಂಟ ಮುಳುಗಿತು. ಅಳೆಯುವವರು “ಎರಡು” ಎಂದು ಕೂಗಿದ್ದು ಕೇಳಿಸಿತು. ಹುಲ್ಲಿನ ಗುಡ್ಡೆಯೊಂದು ಸೀರೆ ಉಟ್ಟು ನಿಂತಿದ್ದನ್ನು ಕಂಡು ನಮ್ಮವರು ಕೊನೆಗೂ ಎಂಜಿನ್ ತಗ್ಗಿಸಿದರು. ಸೀಟಿನಿಂದ ಹಾರಿ ಬಂದು, ಬಾಯಿ ತೆರೆಯಲು ಹೊರಟವರು ನನ್ನ ಕಣ್ಣು ನೋಡಿ ಮುಚ್ಚಿಕೊಂಡರು. ಎದೆಯೊಳಗೆ ಕೆಮ್ಮು ಕುದಿಯುತ್ತಿತ್ತು. ಅದನ್ನೂ ನುಂಗಿದೆ. “ಮೂರು” ಎಂದು ಕೊಳಗ ಸುರಿದು, ಬೋರಲು ಹಾಕಿದ ಮೇಲೆಯೇ ನಾನು ಕೆಮ್ಮಿದ್ದು. ಕೆಮ್ಮು ಮುಗಿದ ಮೇಲೆ ಗಂಡನಿಗೆ ಹೇಳಬೇಕಾದ್ದನ್ನೆಲ್ಲ ಹೇಳಿದೆ. ಅದನ್ನಿಲ್ಲಿ ಬರೆಯುವುದು ಬೇಡ.

ರಾಶಿಯ ಮೇಲೆ ಒಂದು ಹಿಡಿಯಷ್ಟೂ ಹೊಟ್ಟು ಬಿದ್ದಿರಲಿಲ್ಲ. ಅಜ್ಜಿ ಬಂದು ನನ್ನ ಕೂದಲಿನಿಂದ ಹುಲ್ಲು ಹೆಕ್ಕುತ್ತ, “ಹುಲ್ಲು ಹೊತ್ಕೊಂಡಿದ್ದು ದೊಡ್ಡದಲ್ಲ ಮಾರಾಯ್ತಿ, ನೀನು ಅಷ್ಟು ಹೊತ್ತು ಬಾಯಿ ಮುಚ್ಕೊಂಡಿದ್ಯಲ್ಲ, ಅದು ದೊಡ್ಡದು” ಎಂದರು. ಕಣವೆಲ್ಲ ನಕ್ಕಿತು. ನಾನೂ ನಕ್ಕೆ. ಅವತ್ತಿನಷ್ಟು ಹೆಮ್ಮೆ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಎರಡು ದಿನ ನಮ್ಮವರು ಮುಖ ಊದಿಸಿಕೊಂಡಿದ್ದರು. ಮೂರನೇ ದಿನ ಮೋಟಾರನ್ನು ಬಿಚ್ಚಿ, “ತಗೊ, ಗುಜರಿಗೆ ಹಾಕು. ಹ್ಯಾಂಡಲ್ಲೇ ಸೈ” ಎಂದು ನನ್ನ ಮುಂದೆ ಇಟ್ಟರು. ಗೆದ್ದೆ ಎಂದು ಕುಣಿಯಬೇಕಿತ್ತು. ಕುಣಿಯಲಿಲ್ಲ. ಯಾಕೆಂದರೆ ಆ ಬೆಳಿಗ್ಗೆ ಕೆಮ್ಮಿಲ್ಲದೆ ಕೂತಿದ್ದ ನೆನಪು ಎದೆಯಲ್ಲಿತ್ತು. ಹ್ಯಾಂಡಲ್ ಹಿಡಿದರೆ ಧೂಳಿನ ಮಧ್ಯೆ ನಿಲ್ಲಲೇಬೇಕು, ಇನ್ನೆರಡು ಸುಗ್ಗಿಯಲ್ಲಿ ಡಾಕ್ಟರೇ ನನ್ನನ್ನು ಮನೆಯಲ್ಲಿ ಕೂರಿಸುತ್ತಿದ್ದರು. ಮೋಟಾರಿನಲ್ಲಿ ತಪ್ಪಿರಲಿಲ್ಲ. ಸ್ವಿಚ್ ಎಲ್ಲಿ ಇಟ್ಟರು ಎನ್ನುವುದರಲ್ಲಿ ತಪ್ಪಿತ್ತು.

ಮೋಟಾರನ್ನು ಚೀಲಕ್ಕೆ ಹಾಕಿಕೊಂಡು ನಾನೇ ಬಸ್ಸು ಹತ್ತಿ ಬಾಳಗಡಿಗೆ ಹೋದೆ. ವರ್ಕ್‌ಶಾಪಿನವನು ನನ್ನ ಹಿಂದೆ ಯಾರಾದರೂ ಬಂದಿದ್ದಾರಾ ಎಂದು ಇಣುಕಿ ನೋಡಿ, “ಯಜಮಾನ್ರು ಎಂತ ಹೇಳಿದ್ರು?” ಎಂದು ಕೇಳಿದ.

“ಯಜಮಾನ್ರು ಸೀಟಲ್ಲಿ ಕೂತಿರ್ತಾರೆ. ಹುಲ್ಲು ಬೀಳೋದು ನನ್ನ ತಲೆ ಮೇಲೆ. ನಾನು ಹೇಳಿದ್ದು ಮಾಡಿ” ಎಂದೆ.

ಮಾಡಿದ. ಸ್ವಿಚ್ಚಿಗೆ ಮೂವತ್ತು ಅಡಿಯ ವೈರ್ ಹಾಕಿಸಿದೆ, ಕೈಯಲ್ಲಿ ಹಿಡಿದು ಗಾಳಿ ಬರುವ ಕಡೆ ಎಲ್ಲಿ ಬೇಕಾದರೂ ನಿಲ್ಲುವಂತೆ. ಮುಚ್ಚಳದ ಹಗ್ಗವನ್ನೂ ಅಷ್ಟೇ ಉದ್ದ ಮಾಡಿ, ಒಂದು ರಾಟೆಯ ಮೇಲಿಂದ ಹಾಯಿಸಿದೆ. ಮೋಟಾರಿಗೂ ಸೊಂಡಿಲಿಗೂ ನಡುವೆ ಒಂದು ಪಿನ್ನು. ಅದನ್ನು ಕಿತ್ತರೆ ಸೊಂಡಿಲು ಮೊದಲಿನಂತೆ ಕೈಗೆ ಬರಬೇಕು ಎಂದೆ. “ಪಿನ್ನು ಎಂತಕ್ಕೆ? ಮೋಟಾರ್ ಇದೆಯಲ್ಲ” ಎಂದು ಅವನು ವಾದ ಹೂಡಿದ. ಸೊಂಟದವರೆಗೆ ಹುಲ್ಲಿನಲ್ಲಿ ಹೂತು ನೋಡಿ ಆಮೇಲೆ ಕೇಳಿ ಎಂದೆ. ಪಿನ್ನು ಹಾಕಿದ.

ಆಮೇಲಿನ ಸುಗ್ಗಿಗಳಲ್ಲಿ ನಾನು ಗಾಳಿಗೆ ಮುಖ ಕೊಟ್ಟು, ಮಿಷನ್ನಿನಿಂದ ಇಪ್ಪತ್ತು ಮಾರು ಅಲ್ಲದಿದ್ದರೂ ನಾಲ್ಕೈದು ಮಾರು ದೂರದಲ್ಲಿ ರಾಣಿಯಂತೆ ನಿಂತು ಸೊಂಡಿಲು ಆಡಿಸಿದೆ. ಕೆಮ್ಮು ಪೂರ್ತಿ ಹೋಗಲಿಲ್ಲ, ಆದರೆ ನನ್ನನ್ನು ಮನೆಯಲ್ಲಿ ಕೂರಿಸುವಷ್ಟು ಉಳಿಯಲೂ ಇಲ್ಲ. ಎಲ್ಲ ಕಡೆಯೂ ಮೋಟಾರ್ ಬೇಕೆಂದಿಲ್ಲ. ಕಿಗ್ಗದ ಕಡೆಯ ಅಂಗೈಯಗಲದ ಕಣಗಳಲ್ಲಿ ಎರಡು ಸಲ ಹ್ಯಾಂಡಲ್ ತಿರುವಿದರೆ ಕೆಲಸ ಮುಗಿಯುತ್ತದೆ, ವೈರ್ ಬಿಡಿಸಿ ಸುತ್ತುವುದೇ ದಂಡ. ಇಬ್ಬನಿ ಹೆಚ್ಚು ಬಿದ್ದ ಬೆಳಿಗ್ಗೆ ಸ್ವಿಚ್ಚು ಮುನಿಸಿಕೊಳ್ಳುತ್ತಿತ್ತು. ಒಂದು ಮನೆಯಲ್ಲಿ ಕರುವೊಂದು ವೈರ್ ಅಗಿದುಹಾಕಿತು, ಆಗ ಪಿನ್ನು ಕಿತ್ತು ಕೈಯಲ್ಲೇ ಸಂಜೆಯವರೆಗೆ ತಿರುಗಿಸಿದೆ. ಆದರೆ ನರಸಿಂಹರಾಜಪುರದ ಕಡೆ, ಭದ್ರಾ ಹಿನ್ನೀರಿನ ಮೇಲಿಂದ ಗಾಳಿ ಗಳಿಗೆಗೊಂದು ದಿಕ್ಕಿಗೆ ಹೊರಳುವ ದೊಡ್ಡ ಕಣಗಳಲ್ಲಿ, ಆ ಮೋಟಾರ್ ಇಲ್ಲದೆ ನನ್ನ ತೋಳು ಉಳಿಯುತ್ತಿರಲಿಲ್ಲ. ಅದಕ್ಕೆ ಕೊಡಬೇಕಾದ ಗೌರವ ಕೊಡುತ್ತೇನೆ.

ಆ ಕಡೆಯಿಂದಲೇ ಒಬ್ಬರು ಒಂದು ಭಾನುವಾರ ನಮ್ಮ ಮನೆ ಹುಡುಕಿಕೊಂಡು ಬಂದರು. ಅವರೂ ಮಿಷನ್ ಇಟ್ಟವರು. ಸೊಂಡಿಲಿಗೆ ಮೋಟಾರ್ ಹಾಕಿಸುವುದು ಲಾಯಕ್ಕಾ, ಸುಮ್ಮನೆ ಶೋಕಿಯಾ ಎಂದು ತಿಳಿಯಬೇಕಿತ್ತು. ನಾನು ಬಾಗಿಲಲ್ಲಿ ನಿಂತಿದ್ದರೂ ನನ್ನನ್ನು ದಾಟಿ, ಜಗಲಿಯಲ್ಲಿ ಕೂತಿದ್ದ ನಮ್ಮವರ ಮುಂದೆ ಕುರ್ಚಿ ಎಳೆದುಕೊಂಡು ಕೂತರು. ಎಷ್ಟು ಬ್ಯಾಟರಿ ತಿನ್ನುತ್ತದೆ, ಎಷ್ಟು ದಿನ ಬಾಳುತ್ತದೆ, ಗಾಳಿ ಬಂದರೆ ಏನು ಮಾಡುತ್ತೀರಿ ಎಂದು ಒಂದೇ ಸಮ ಪ್ರಶ್ನೆ. ನಾನು ಒಳಗೆ ಹೋಗಲು ತಿರುಗಿದೆ. ಗಂಡಸರು ಗಂಡಸರಿಗೆ ಹೇಳಿಕೊಳ್ಳಲಿ ಎಂದು ಮೂಗಿನ ತುದಿಯಲ್ಲಿ ಸಿಟ್ಟು.

ನಮ್ಮವರು ಎದ್ದು ನಿಂತರು.

“ನನ್ನ ಕೇಳಿದ್ರೆ ಎಂತ ಗೊತ್ತಾಗ್ತದೆ ಮಾರಾಯ್ರೇ? ನಾನು ಡ್ರೈವರ್. ಮಿಷನ್ ಇವಳದ್ದು, ಇವಳನ್ನ ಕೇಳಿ” ಎಂದು, ತಾವು ಕೂತಿದ್ದ ಕುರ್ಚಿಯನ್ನು ನನ್ನ ಕಡೆ ತಿರುಗಿಸಿ ಇಟ್ಟರು.

ಕೂತೆ. ಬಂದವರು ತಮ್ಮ ಕುರ್ಚಿಯನ್ನೂ ನನ್ನ ಕಡೆ ತಿರುಗಿಸಿಕೊಂಡು, ಜೇಬಿನಿಂದ ಚೀಟಿ ತೆಗೆದು ಪೆನ್ನು ಹಿಡಿದರು. ನಾನು ಗಾಳಿಯಿಂದ ಶುರು ಮಾಡಿ ಪಿನ್ನಿನವರೆಗೆ ಒಂದೂ ಬಿಡದೆ ಹೇಳಿದೆ, ಅವರು ಬರೆದುಕೊಂಡರು. ಕಾಫಿ ಮಾಡಿ ತಂದವರು ನಮ್ಮವರು.